ಭಾರತದಲ್ಲಿ ಸಮನ್ವಯ ಶಿಕ್ಷಣ

ಸಮನ್ವಯ ಶಿಕ್ಷಣವು ಅಂಗವೈಕಲ್ಯ ಅಥವಾ ಕಲಿಕೆಯ ವಿಶೇಷ ಅಗತ್ಯಗಳುಳ್ಳ ಮಕ್ಕಳು ಇತರ ಮಕ್ಕಳೊಂದಿಗೆ ಒಂದೇ ಶಾಲೆಯಲ್ಲಿ, ಒಂದೇ ತರಗತಿಯಲ್ಲಿ ಕಲಿಯುವ ವ್ಯವಸ್ಥೆಯಾಗಿದೆ. ಭಾರತದಲ್ಲಿ ಇದಕ್ಕೆ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಕಾನೂನಿನ ವ್ಯಾಖ್ಯೆ ದೊರೆತಿದೆ. ಆ ವ್ಯಾಖ್ಯೆಗೆ ಎರಡು ಭಾಗಗಳಿವೆ: ವೈಕಲ್ಯವುಳ್ಳ ಮತ್ತು ಇಲ್ಲದ ವಿದ್ಯಾರ್ಥಿಗಳು ಒಟ್ಟಿಗೆ ಕಲಿಯಬೇಕು, ಬೋಧನೆ ಮತ್ತು ಕಲಿಕೆಯ ಕ್ರಮವನ್ನು ಅವರ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಬೇಕು. ಮೊದಲ ಭಾಗವನ್ನು ದಾಖಲಾತಿ ಪುಸ್ತಕ ನೋಡಿ ಎಣಿಸಬಹುದು. ಎರಡನೆಯದನ್ನು ಹಾಗೆ ಎಣಿಸಲು ಬರುವುದಿಲ್ಲವಾದ್ದರಿಂದ, ದಾಖಲಾಗಿಯೂ ಕಲಿಕೆಯಿಂದ ಹೊರಗುಳಿದ ಮಗು ಈ ಕ್ಷೇತ್ರದ ಮುಖ್ಯ ಸಮಸ್ಯೆಯಾಗಿದೆ.

ಹಿನ್ನೆಲೆ

ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣವು ಭಾರತದಲ್ಲಿ ಪ್ರತ್ಯೇಕ ಶಾಲೆಗಳಿಂದ ಆರಂಭವಾಯಿತು. 1887ರಲ್ಲಿ ಆನಿ ಶಾರ್ಪ್ ಅಮೃತಸರದಲ್ಲಿ ಅಂಧ ಮಕ್ಕಳಿಗಾಗಿ ಶಾಲೆ ತೆರೆದರು. ಇಂತಹ ಶಾಲೆಗಳು ಬಹುತೇಕ ನಗರಗಳಲ್ಲಿದ್ದು, ವಸತಿ ಸಹಿತವಾಗಿದ್ದವು. ಹಳ್ಳಿಯ ಮಗು ಮನೆ ಬಿಟ್ಟು ಹೋಗಬೇಕಾಗಿತ್ತು, ಇಲ್ಲವೇ ಶಾಲೆಯನ್ನೇ ಬಿಡಬೇಕಾಗಿತ್ತು. 1964–66ರ ಕೊಠಾರಿ ಆಯೋಗವು ಇಂತಹ ಮಕ್ಕಳನ್ನು ಸಾಧ್ಯವಾದಷ್ಟೂ ಸಾಮಾನ್ಯ ಶಾಲೆಗಳಿಗೆ ಸೇರಿಸಬೇಕೆಂದು ಹೇಳಿತು. 1974ರಲ್ಲಿ ಕೇಂದ್ರ ಸರ್ಕಾರವು ಏಕೀಕೃತ ಶಿಕ್ಷಣ ಯೋಜನೆಯನ್ನು ಆರಂಭಿಸಿತು.

ಏಕೀಕೃತ ಶಿಕ್ಷಣಕ್ಕೂ ಸಮನ್ವಯ ಶಿಕ್ಷಣಕ್ಕೂ ಇರುವ ವ್ಯತ್ಯಾಸವು ಹೆಸರಿನದಷ್ಟೇ ಅಲ್ಲ. ಮೊದಲನೆಯದರಲ್ಲಿ ಮಗುವು ಶಾಲೆಗೆ ಹೊಂದಿಕೊಳ್ಳುವಷ್ಟು ಸಿದ್ಧವಾಗಬೇಕು. ಎರಡನೆಯದರಲ್ಲಿ ಶಾಲೆಯು ಮಗುವಿಗೆ ಹೊಂದಿಕೊಳ್ಳಬೇಕು. ಈ ತಿರುವನ್ನು ಜಾಗತಿಕವಾಗಿ ಸ್ಪಷ್ಟಪಡಿಸಿದ್ದು 1994ರ ಸಲಾಮಾಂಕಾ ಘೋಷಣೆ. ಸ್ಪೇನ್ ದೇಶದ ಆ ನಗರದಲ್ಲಿ 92 ಸರ್ಕಾರಗಳು ಮತ್ತು 25 ಅಂತರರಾಷ್ಟ್ರೀಯ ಸಂಸ್ಥೆಗಳ ಪ್ರತಿನಿಧಿಗಳು ಸೇರಿದ್ದರು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿಯು ಸಮನ್ವಯ ಶಿಕ್ಷಣವನ್ನು ಹಕ್ಕೆಂದು ಪರಿಗಣಿಸಿತು. ಭಾರತವು 2007ರಲ್ಲಿ ಅದನ್ನು ಅನುಮೋದಿಸಿತು.

ಕಾನೂನು

ಶಿಕ್ಷಣ ಹಕ್ಕು ಕಾಯ್ದೆ, 2009 ಎಲ್ಲ ಮಕ್ಕಳಿಗೂ 6ರಿಂದ 14 ವರ್ಷದವರೆಗೆ ಉಚಿತ ಶಿಕ್ಷಣವನ್ನು ಖಾತರಿಪಡಿಸುತ್ತದೆ. 2016ರ ಅಧಿನಿಯಮವು ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ ಮಕ್ಕಳಿಗೆ ಇದನ್ನು 18 ವರ್ಷದವರೆಗೆ ವಿಸ್ತರಿಸಿತು. ನೆರೆಹೊರೆಯ ಶಾಲೆಯನ್ನಾಗಲಿ ವಿಶೇಷ ಶಾಲೆಯನ್ನಾಗಲಿ ಆಯ್ದುಕೊಳ್ಳುವ ಅವಕಾಶ ಮಗುವಿನದೇ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು. ಹೊಸದರಲ್ಲಿ 21 ಇವೆ. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಪಟ್ಟಿಗೆ ಸೇರಿದ್ದರಿಂದ, ಅಲ್ಲಿಯವರೆಗೆ ದಡ್ಡರೆಂದೋ ತುಂಟರೆಂದೋ ಕರೆಸಿಕೊಳ್ಳುತ್ತಿದ್ದ ಅನೇಕ ಮಕ್ಕಳು ಮೊದಲ ಬಾರಿಗೆ ಕಾನೂನಿನ ಕಣ್ಣಿಗೆ ಬಿದ್ದರು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಮೊದಲಾದ ಮಾರ್ಪಾಡುಗಳನ್ನು ಕಾಯ್ದೆಯೇ ಹೆಸರಿಸುತ್ತದೆ.

ತರಗತಿಯಲ್ಲಿ

ಇಳಿಜಾರು ಮತ್ತು ಸೂಕ್ತ ಶೌಚಾಲಯ ಸಮನ್ವಯದ ಕಣ್ಣಿಗೆ ಕಾಣುವ ಗುರುತುಗಳು. ಇಳಿಜಾರು ವರಾಂಡದವರೆಗೆ ಬಂದು, ತರಗತಿಯ ಹೊಸ್ತಿಲಿನಲ್ಲಿ ನಿಂತರೆ ಗಾಲಿಕುರ್ಚಿಗೆ ಪ್ರಯೋಜನವಿಲ್ಲ. ಆದರೆ ಹೆಚ್ಚಿನ ಮಾರ್ಪಾಡುಗಳಿಗೆ ಸಿಮೆಂಟು ಬೇಕಾಗಿಲ್ಲ.

ಶ್ರವಣದೋಷವುಳ್ಳ ಅನೇಕ ಮಕ್ಕಳು ಶಿಕ್ಷಕರ ತುಟಿಗಳ ಚಲನೆಯನ್ನೂ ಗಮನಿಸಿ ಮಾತನ್ನು ಗ್ರಹಿಸುತ್ತಾರೆ. ಕಪ್ಪುಹಲಗೆಯತ್ತ ಮುಖ ಮಾಡಿ ಬರೆಯುತ್ತಲೇ ವಿವರಿಸುವ ಶಿಕ್ಷಕರ ಪಾಠವು ಅವರಿಗೆ ಆ ಕ್ಷಣವೇ ನಿಂತುಹೋಗುತ್ತದೆ. ಮುಖ ಕಂಡರೂ ‘ಪ’, ‘ಬ’, ‘ಮ’ಗಳು ತುಟಿಯ ಮೇಲೆ ಒಂದೇ ರೀತಿ ಕಾಣುವುದರಿಂದ ಮುಖ್ಯ ಪದಗಳನ್ನು ಬರೆದು ತೋರಿಸುವುದು ಅಗತ್ಯ. ಶ್ರವಣ ಸಾಧನವು ಮಾತಿನೊಂದಿಗೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಆದ್ದರಿಂದ ಮಗು ಕುಳಿತುಕೊಳ್ಳುವ ಸ್ಥಳವೂ ಬೋಧನೆಯ ಭಾಗವೇ. ಸಂಜ್ಞಾ ಭಾಷೆಯನ್ನೇ ಮೊದಲ ಭಾಷೆಯಾಗಿ ಬಳಸುವ ಮಗುವಿಗೆ ಇಷ್ಟು ಸಾಲದು. ಆ ಭಾಷೆ ಬಲ್ಲ ವಯಸ್ಕರೂ ಸಹಪಾಠಿಗಳೂ ಇಲ್ಲದ ಸಾಮಾನ್ಯ ತರಗತಿಯು ಅದಕ್ಕೆ ಒಂಟಿತನವನ್ನೇ ಕೊಡಬಹುದು.

ಅಂಧ ಮಕ್ಕಳ ವಿಷಯದಲ್ಲಿ ಕನ್ನಡ ಶಾಲೆಗಳಿಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಭಾರತೀಯ ಬ್ರೈಲ್‌ನಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ಒಂದರ ಪಕ್ಕ ಒಂದು ಬರುತ್ತವೆ. ವ್ಯಂಜನದ ನಂತರ ಸ್ವರದ ಚಿಹ್ನೆ ಬರುತ್ತದೆ; ಸ್ವರಕ್ಕೂ ಗುಣಿತಕ್ಕೂ ಅಲ್ಲಿ ಬೇರೆ ಬೇರೆ ರೂಪಗಳಿಲ್ಲ, ಅಕ್ಷರದ ಕೆಳಗೆ ಬರೆಯುವ ಒತ್ತೂ ಇಲ್ಲ. ಹೀಗಾಗಿ ‘ಕ್ತ’ವನ್ನು ಕಲಿಸುವಾಗ ‘ಕೆಳಗೆ ತ ಒತ್ತು ಕೊಡಿ’ ಎಂಬ ಮಾತು ಬ್ರೈಲ್ ಓದುವ ವಿದ್ಯಾರ್ಥಿಗೆ ಅರ್ಥಹೀನ. ‘ಮೊದಲು ಸ್ವರವಿಲ್ಲದ ಕ, ನಂತರ ತ’ ಎಂದರೆ ಇಡೀ ತರಗತಿಗೂ ಅದು ಸರಿಯಾದ ವಿವರಣೆಯಾಗುತ್ತದೆ.

ಬೌದ್ಧಿಕ ನ್ಯೂನತೆಯುಳ್ಳ ಮಗುವಿಗಾಗಿ ಪ್ರತ್ಯೇಕ ಪಾಠಕ್ಕಿಂತ, ಅದೇ ಪಾಠದೊಳಗೆ ಪ್ರತ್ಯೇಕ ಗುರಿಯನ್ನು ಇಡಲಾಗುತ್ತದೆ. ತರಗತಿಯು ಸಂತೆಯ ಲಾಭ–ನಷ್ಟದ ಲೆಕ್ಕ ಮಾಡುವಾಗ ಆ ಮಗು ಹತ್ತು ರೂಪಾಯಿಗೆ ಚಿಲ್ಲರೆ ಎಣಿಸುವುದನ್ನು ಕಲಿಯಬಹುದು. ಇದನ್ನು ಬರಹದಲ್ಲಿ ದಾಖಲಿಸುವುದೇ ವೈಯಕ್ತಿಕ ಶಿಕ್ಷಣ ಯೋಜನೆ. ಕಡತಕ್ಕಾಗಿ ಒಂದೇ ಮಾದರಿಯನ್ನು ನಕಲು ಮಾಡಿದ ಯೋಜನೆಯನ್ನು ವೈಯಕ್ತಿಕವೆನ್ನಲಾಗದು.

ಕನ್ನಡ ಓದು ಮತ್ತು ಕಲಿಕಾ ನ್ಯೂನತೆ

ಡಿಸ್ಲೆಕ್ಸಿಯಾ ಕುರಿತ ಅಧ್ಯಯನಗಳ ದೊಡ್ಡ ಪಾಲು ಇಂಗ್ಲಿಷ್ ಓದುವ ಮಕ್ಕಳದು. ಕನ್ನಡದ ಬರವಣಿಗೆ ಬೇರೆ ಬಗೆಯದು: ಧ್ವನಿಗೂ ಚಿಹ್ನೆಗೂ ಇರುವ ಸಂಬಂಧ ಬಹುಮಟ್ಟಿಗೆ ಸ್ಥಿರ, ಆದರೆ ಕಾಗುಣಿತ ಮತ್ತು ಒತ್ತಕ್ಷರಗಳಿಂದಾಗಿ ಕಲಿಯಬೇಕಾದ ರೂಪಗಳು ನೂರಾರು. ಮನೋವಿಜ್ಞಾನಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡ ಕಲಿಯುವ ಮಕ್ಕಳಲ್ಲಿ ಅಕ್ಷರಜ್ಞಾನದ ಬೆಳವಣಿಗೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಮುಂದುವರಿಯುತ್ತದೆಂದು ತೋರಿಸಿತು. ಎರಡನೇ ತರಗತಿಯ ಮಗು ಒತ್ತಕ್ಷರಗಳಲ್ಲಿ ಎಡವುವುದು ತಾನಾಗಿಯೇ ನ್ಯೂನತೆಯ ಲಕ್ಷಣವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹಾಗೆಂದು ‘ಮುಂದೆ ತಾನೇ ಸರಿಹೋಗುತ್ತದೆ’ ಎಂದು ವರ್ಷಗಟ್ಟಲೆ ಕಾಯುವುದೂ ಮಗುವಿಗೆ ನಷ್ಟವೇ.

ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಗುರುತಿಸಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪರೀಕ್ಷಾ ಸರಣಿಯನ್ನು ಸೂಚಿಸಿತು. ಪ್ರಮಾಣಪತ್ರವನ್ನು ಮೊದಲು 8ನೇ ವಯಸ್ಸಿನಲ್ಲಿ ನೀಡಿ, 14 ಮತ್ತು 18ರಲ್ಲಿ ಮರುಪರಿಶೀಲಿಸಬೇಕೆಂದಿತು. ಅಂದರೆ ಓದು ಆರಂಭವಾಗುವ ಮೊದಲ ವರ್ಷಗಳಲ್ಲಿ, ಪ್ರಮಾಣಪತ್ರವಿಲ್ಲದೆಯೇ ನೆರವು ನೀಡಬೇಕಾದವರು ತರಗತಿ ಶಿಕ್ಷಕರು.

ಶಿಕ್ಷಕರು

ಸಮಗ್ರ ಶಿಕ್ಷಣ ಯೋಜನೆಯಡಿ ಸಂಪನ್ಮೂಲ ಶಿಕ್ಷಕರು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೂ ಶಿಕ್ಷಕರಿಗೂ ನೆರವಾಗುತ್ತಾರೆ. ಕರ್ನಾಟಕದಲ್ಲಿ ಬ್ಲಾಕ್ ಮಟ್ಟದ ಇಂತಹ ಶಿಕ್ಷಕರು ಬಿ.ಐ.ಇ.ಆರ್.ಟಿ. ಎಂಬ ಸಂಕ್ಷಿಪ್ತ ನಾಮದಿಂದ ಪರಿಚಿತರು. ಅವರು ಒಂದು ಶಾಲೆಯಲ್ಲಿ ಕೆಲವು ಗಂಟೆ ಮಾತ್ರ ಇರಬಲ್ಲರು. ಉಳಿದ ದಿನಗಳ ಪಾಠ ಸಾಮಾನ್ಯ ಶಿಕ್ಷಕರದೇ. ‘ಆ ಮಗುವನ್ನು ಸಂಪನ್ಮೂಲ ಶಿಕ್ಷಕರು ನೋಡಿಕೊಳ್ಳುತ್ತಾರೆ’ ಎಂಬ ಭಾವನೆ ಬೆಳೆದರೆ, ತರಗತಿಯೊಳಗೇ ಅಗೋಚರವಾದ ಒಂದು ವಿಶೇಷ ಶಾಲೆ ಹುಟ್ಟಿಕೊಳ್ಳುತ್ತದೆ.

ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್‌ನಲ್ಲಿ ಈ ಕೊರತೆಯನ್ನು ಪರಿಶೀಲಿಸಿತು. ವಿಶೇಷ ಅಗತ್ಯದ ಮಕ್ಕಳಿಗೆ ಎಷ್ಟು ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ತಾತ್ಕಾಲಿಕ ಕ್ರಮವಾಗಿ ಜಾರಿಗೆ ತರುವಂತೆ ಸೂಚಿಸಿತು.

ಗೃಹಾಧಾರಿತ ಶಿಕ್ಷಣ

ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಮಾಡಿದ ತಿದ್ದುಪಡಿಯು ತೀವ್ರ ಅಥವಾ ಬಹುವಿಧ ವೈಕಲ್ಯವುಳ್ಳ ಮಕ್ಕಳಿಗೆ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಹಕ್ಕನ್ನು ನೀಡಿತು. ಹಾಸಿಗೆಯಿಂದ ಏಳಲಾಗದ ಮಗುವಿನ ಬಳಿಗೆ ಶಿಕ್ಷಕರು ಹೋಗುವುದು, ಯಾರೂ ಹೋಗದಿರುವುದಕ್ಕಿಂತ ಬಹಳ ಉತ್ತಮ. ಆದರೆ ಇದು ಮಗುವಿನ ಆಯ್ಕೆಯಾಗುವ ಬದಲು ಶಾಲೆಗೆ ಸುಲಭದ ದಾರಿಯಾಗಬಹುದೆಂಬ ಆಕ್ಷೇಪವನ್ನು ಅಂಗವಿಕಲರ ಹಕ್ಕುಗಳ ಪರ ಇರುವವರು ಎತ್ತಿದ್ದಾರೆ. ಮನೆಯಲ್ಲಿರುವ ಮಗುವಿನ ಹೆಸರೂ ಹಾಜರಿ ಪುಸ್ತಕದಲ್ಲಿರುತ್ತದೆ. ಶಾಲಾ ವಾರ್ಷಿಕೋತ್ಸವ, ಪ್ರವಾಸ ಅಥವಾ ವಾರದ ಒಂದು ದಿನದ ಭೇಟಿಯ ಮೂಲಕ ಸಹಪಾಠಿಗಳೊಂದಿಗೆ ಬೆರೆಯುವ ಏರ್ಪಾಡಿಲ್ಲದಿದ್ದರೆ, ಆ ಹೆಸರಿನ ಮಗುವನ್ನು ಇತರ ಮಕ್ಕಳು ನೋಡಿಯೇ ಇರುವುದಿಲ್ಲ.