ಹೊಸ ಗೇಮ್ ಕನ್ಸೋಲ್ ಬೇಗ ಅಗ್ಗವಾದರೆ ಅದು ಕಳಪೆ ಮಾಲೇ?

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ಬಂದ ಕೆಲವೇ ತಿಂಗಳಲ್ಲಿ ಬೆಲೆ ಇಳಿದರೆ ಅದರಲ್ಲಿ ಏನೋ ದೋಷವಿದೆ ಎಂದು ಹಲವರು ನಂಬುತ್ತಾರೆ. ಹಾಗೇನೂ ಇಲ್ಲ.

ನಿಂಟೆಂಡೊ 3ಡಿಎಸ್ ನೋಡಿ. 2011ರ ಮಾರ್ಚ್ 27ರಂದು ಅಮೆರಿಕದಲ್ಲಿ ಬಿಡುಗಡೆಯಾದಾಗ ಬೆಲೆ 249.99 ಡಾಲರ್. ಆಗಸ್ಟ್ 12ಕ್ಕೆ 169.99 ಡಾಲರ್. ಐದು ತಿಂಗಳೂ ತುಂಬಿರಲಿಲ್ಲ! ಯಂತ್ರ ಕೆಟ್ಟದ್ದಾಗಿರಲಿಲ್ಲ; ಬೆಲೆ ದುಬಾರಿ, ಒಳ್ಳೆಯ ಗೇಮ್‌ಗಳು ಕಡಿಮೆ, ಹಾಗಾಗಿ ಮಾರಾಟ ನಿಧಾನ. ಕಂಪನಿಯ ಅಧ್ಯಕ್ಷ ಸತೋರು ಇವಾಟಾ ತಮ್ಮ ಸಂಬಳವನ್ನೇ ಅರ್ಧ ಕಡಿತ ಮಾಡಿಕೊಂಡರು. ಮೊದಲೇ ಕೊಂಡವರಿಗೆ 20 ಹಳೆಯ ಗೇಮ್‌ಗಳನ್ನು ಉಚಿತವಾಗಿ ಕೊಟ್ಟರು (ಹೊಟ್ಟೆ ಉರಿ ತಣಿಸಲು ಅಷ್ಟಾದರೂ ಬೇಕಿತ್ತು). ಮುಂದೆ ಅದೇ ಯಂತ್ರ 7.5 ಕೋಟಿಗೂ ಹೆಚ್ಚು ಮಾರಾಟವಾಯಿತು.

ಆದರೆ ಅಮೆರಿಕದಲ್ಲಿ ಇಳಿದ ಬೆಲೆ ಬಸವಕಲ್ಯಾಣ, ಹುಮನಾಬಾದಿನ ಅಂಗಡಿಯಲ್ಲಿ ಅದೇ ದಿನ ಇಳಿಯುವುದಿಲ್ಲ. ಆಮದು ಸುಂಕ, ಜಿಎಸ್‌ಟಿ, ಸಾಗಣೆ ಸೇರುತ್ತವೆ. ಹೈದರಾಬಾದಿನಿಂದ ಹಳೆಯ ದರಕ್ಕೆ ತರಿಸಿದ ಮಾಲನ್ನು ಅಂಗಡಿಯವರು ನಷ್ಟಕ್ಕೆ ಮಾರುವರೇ? ಹೊರದೇಶದಿಂದ ಬಂದ ಯಂತ್ರಕ್ಕೆ ಇಲ್ಲಿ ವಾರಂಟಿ ಇದೆಯೇ ಎಂದೂ ಕೇಳಿ. 3ಡಿಎಸ್‌ನಲ್ಲಂತೂ ಒಂದು ಪ್ರದೇಶದ ಯಂತ್ರಕ್ಕೆ ಇನ್ನೊಂದು ಪ್ರದೇಶದ ಗೇಮ್ ಹಾಕಿದರೆ ನಡೆಯುತ್ತಿರಲಿಲ್ಲ.

ಕಂಪನಿ ನಿಜವಾಗಿ ಬೆಲೆ ಇಳಿಸಿದರೆ ಅದನ್ನು ತನ್ನ ಜಾಲತಾಣದಲ್ಲೇ ಹೇಳುತ್ತದೆ. "ಇವತ್ತು ಮಾತ್ರ, 10 ಜನರಿಗೆ ಕಳಿಸಿ, ಈ ಲಿಂಕ್ ಒತ್ತಿ" ಎಂದರೆ ಅದು ಬಲೆ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕಳಿಸಲು ಮಾತ್ರ ಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.