ಎರೆನೆಲದ ಡೇರೆ: ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಬಾಲಶಿಬಿರಗಳ ಬಗ್ಗೆ ಒಂದು ಟಿಪ್ಪಣಿ

ಎಳ್ಳಮವಾಸ್ಯೆಯ ಆಸುಪಾಸು, ಬಿಳಿಜೋಳದ ಕಾಳು ಇನ್ನೂ ಹಾಲುದುಂಬಿ ಮೆತ್ತಗಿರುವಾಗ, ಗದಗ ಜಿಲ್ಲೆಯ ರೋಣದ ಎರೆ ಹೊಲಗಳಲ್ಲಿ ಸೀತನಿ ಸುಡುತ್ತಾರೆ. ಬದುವಿನ ಮಗ್ಗುಲಲ್ಲಿ ಕುಳ್ಳು ಒಟ್ಟಿ ಕೆಂಡ ಮಾಡಿ, ತೆನೆಯನ್ನು ಅದರೊಳಗೆ ಹೊರಳಿಸಿ, ಬಿಸಿ ಆರುವ ಮೊದಲೇ ತಿಕ್ಕಿ ಕಾಳು ಬಿಡಿಸುತ್ತಾರೆ. ಹಸಿ ಕಡಲೆಯ ಗಿಡವನ್ನೂ ಹೀಗೆಯೇ ಸುಟ್ಟರೆ ಸುಲಗಾಯಿ. ಇದಕ್ಕೆ ಗಡಿಗೆ ಬೇಡ, ಹಂಚೂ ಬೇಡ. ಸ್ಕೌಟ್ ಪಠ್ಯಕ್ರಮದಲ್ಲಿ ‘ಪಾತ್ರೆಯಿಲ್ಲದ ಅಡುಗೆ’ ಎಂಬ ಪರೀಕ್ಷೆ ಇದೆ. ಈ ಸೀಮೆಯ ಹತ್ತು ವರ್ಷದ ಹುಡುಗ ಸಮವಸ್ತ್ರ ತೊಡುವ ಮೊದಲೇ ಆ ಪರೀಕ್ಷೆಯಲ್ಲಿ ಪಾಸಾಗಿರುತ್ತಾನೆ.

ನನ್ನ ವಾದ ಇಲ್ಲಿಂದಲೇ ಶುರುವಾಗುತ್ತದೆ. ಸ್ಕೌಟಿಂಗ್ ಹುಟ್ಟಿದ್ದು ದ್ವೀಪದಲ್ಲಿ. 1907ರ ಆಗಸ್ಟ್ ಮೊದಲ ವಾರ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಸುಮಾರು 20 ಹುಡುಗರನ್ನು ನಾಲ್ಕು ಪೆಟ್ರೋಲ್‌ಗಳಾಗಿ (ಪುಟ್ಟ ತಂಡಗಳಾಗಿ) ವಿಂಗಡಿಸಿ ಶಿಬಿರ ನಡೆಸಿದ. ಮರುವರ್ಷ ಬಂದ ಅವನ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಕಾಡು, ಹೊಳೆ, ಕಡಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಪೆಸಿಫಿಕ್ ದ್ವೀಪಗಳಿಗೆ ಈ ಚಳವಳಿ ಹೋದಾಗ ಅಲ್ಲಿ ದೋಣಿ, ಈಜು, ತೆಂಗಿನ ಗರಿ ತಾವಾಗಿಯೇ ಒದಗಿದವು. ಸುಮಾರು 600 ಮಿ.ಮೀ. ಮಳೆಯ, ಮರ ವಿರಳವಾದ ನಮ್ಮ ಕಪ್ಪು ಬಯಲಿಗೆ ಅದು ಬಂದಾಗ ಏನು ಒದಗಿತು ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಮೊದಲ ಮಾತು ಮಣ್ಣಿನದು. ಎರೆಮಣ್ಣು ಬೇಸಿಗೆಯಲ್ಲಿ ಮೊಳಗಟ್ಟಲೆ ಬಿರಿಯುತ್ತದೆ, ಮಳೆಗೆ ಉಬ್ಬಿ ಅಂಟಾಗುತ್ತದೆ. ಹಸಿ ಎರೆಯಲ್ಲಿ ಡೇರೆಯ ಗೂಟ ನಿಲ್ಲದು, ನಡೆದವರ ಕಾಲಿಗೆ ಮಣ್ಣು ಮೆತ್ತಿ ಹೆಜ್ಜೆ ಭಾರವಾಗುತ್ತದೆ. ಆದ್ದರಿಂದ ಇಲ್ಲಿ ಬಯಲು ಶಿಬಿರದ ಕಾಲ ಹಿಂಗಾರಿ ಪೈರು ನಿಂತ ಚಳಿಗಾಲ. ಜಾಗವನ್ನೂ ನೀರು, ನೆರಳು ಮತ್ತು ಗಟ್ಟಿ ನೆಲ ನಿರ್ಧರಿಸುತ್ತವೆ. ಈ ಮೂರೂ ಕೂಡುವ ತಾಣಗಳನ್ನು ಬೆರಳಲ್ಲಿ ಎಣಿಸಬಹುದು: ಬಯಲಿನ ನಡುವೆ ಒಂಟಿಯಾಗಿ ಎದ್ದ ನರಗುಂದದ ಕೋಟೆ ಗುಡ್ಡ, ವರ್ಷವಿಡೀ ಅಂತರಗಂಗೆಯ ನೀರು ಬೀಳುವ ಗಜೇಂದ್ರಗಡದ ಕಾಲಕಾಲೇಶ್ವರ, ಸೂಡಿಯ ನಾಗಕುಂಡದಂಥ ಹಳೆಯ ಹೊಂಡಗಳ ದಂಡೆ, ಮಠಗಳ ಅಂಗಳ, ಹೊಳೆಆಲೂರಿನ ಕಡೆಯ ಮಲಪ್ರಭೆಯ ದಡ. ಉಳಿದೆಡೆ ಶಿಬಿರವೆಂದರೆ ಶಾಲೆಯ ಕೋಣೆಯೇ.

ಹಾಗೆಂದು ಹೊರಗೆ ಮಲಗುವುದು ಇಲ್ಲಿನ ಮಕ್ಕಳಿಗೆ ಹೊಸದಾಗಿರಲಿಲ್ಲ. ಸುಗ್ಗಿಯಲ್ಲಿ ಕಣ ಕಾಯಲು ತಂದೆಯ ಜೊತೆ ಹುಡುಗರೂ ಕಂಬಳಿ ಹೊದ್ದು ಹೊಲದಲ್ಲೇ ಮಲಗುತ್ತಿದ್ದರು. ರಾತ್ರಿಯಿಡೀ ತೆನೆ ತುಳಿಯುವ ಎತ್ತುಗಳ ಹಂತಿ ತಿರುಗುವಾಗ ಹಂತಿ ಹಾಡು ನಡೆಯುತ್ತಿತ್ತು. ಶಿಬಿರಾಗ್ನಿಯ ಸುತ್ತ ಹಾಡುವುದಕ್ಕೂ ಇದಕ್ಕೂ ಒಂದೇ ವ್ಯತ್ಯಾಸ: ಹಂತಿಯಲ್ಲಿ ಹಾಡು ಕೆಲಸದ ಭಾಗ. ಹೊಲದಿಂದ ಹೊಲಕ್ಕೆ ಕುರಿ ತರುಬುತ್ತ ಸಾಗುವ ಕುರುಬರ ಮಕ್ಕಳಿಗಂತೂ ವರ್ಷದ ಬಹುಪಾಲು ಬಿಡಾರದ ಬದುಕೇ. ಗಂಟುಗಳ ವಿಷಯದಲ್ಲೂ ಅಷ್ಟೆ. ಕರುವಿಗೆ ಕಣ್ಣಿ ಹಾಕುವ, ಚಕ್ಕಡಿಯ ಹೇರನ್ನು ಹಗ್ಗದಿಂದ ಬಿಗಿಯುವ, ಎಳೆದರೆ ಬಿಚ್ಚುವ ಜೀರುಗುಣಿಕೆ ಹಾಕುವ ಕೈಗೆ ಕ್ಲೋವ್ ಹಿಚ್, ಶೀಟ್ ಬೆಂಡ್ ಹೆಸರಷ್ಟೇ ಹೊಸದು. ಸ್ಕೌಟ್ ಮಾಸ್ತರರು ಆ ಹೊಸ ಹೆಸರಿನ ಪಕ್ಕದಲ್ಲಿ ಊರಿನ ಹೆಸರನ್ನೂ ಹೇಳಿಕೊಡಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಒಂದೆರಡು ಕಡೆ ಪುಸ್ತಕ ಈ ನೆಲಕ್ಕೆ ಹೊಂದುವುದೇ ಇಲ್ಲ. ಹಿಟ್ಟನ್ನು ನಾದಿ ಕೋಲಿಗೆ ಸುರುಳಿಯಾಗಿ ಸುತ್ತಿ ಬೆಂಕಿಯಲ್ಲಿ ಸುಡಲು ಬೇಡನ್ ಪೊವೆಲ್ ಹೇಳುತ್ತಾನೆ. ಗೋದಿ ಹಿಟ್ಟಿಗೆ ಅದು ಸಾಧ್ಯ. ಜೋಳದ ಹಿಟ್ಟಿಗೆ ಆ ಜಿಗಿ ಇಲ್ಲ. ಅದಕ್ಕೆ ಕುದಿಯುವ ಎಸರು ಬೇಕು, ಬಡಿಯುವ ಕೈ ಬೇಕು, ಕಾದ ಹಂಚು ಬೇಕು. ಎರಡನೆಯದು ತೋಳ. ಬ್ರೌನ್‌ಸೀ ಶಿಬಿರದ ಒಂದು ಪೆಟ್ರೋಲಿನ ಹೆಸರು ‘ತೋಳ’. ಸ್ಕೌಟಿಂಗಿನ ಕಿರಿಯ ವಿಭಾಗವಾದ ಕಬ್ ಮಕ್ಕಳು ಕಿಪ್ಲಿಂಗನ ಕಥೆಯ ತೋಳ ಅಕೇಲನನ್ನು ನಾಯಕನೆಂದು ಕೂಗುತ್ತಾರೆ. ಗಜೇಂದ್ರಗಡದ ಗುಡ್ಡಸಾಲಿನಲ್ಲಿ ತೋಳ ಇಂದಿಗೂ ನಿಜವಾದ ಪ್ರಾಣಿ. ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಧಾಮವೇ ಇದೆ. ಕುರಿ ಕಳೆದುಕೊಂಡ ಮನೆಯ ಹುಡುಗ ತನ್ನ ತಂಡಕ್ಕೆ ಆ ಹೆಸರನ್ನು ಸುಲಭವಾಗಿ ಒಪ್ಪಲಾರ. ಆದರೆ ‘ಪ್ರಾಣಿಗಳ ಮಿತ್ರ’ನಾಗಿರಬೇಕೆಂಬ ಸ್ಕೌಟ್ ನಿಯಮಕ್ಕೆ ನಿಜವಾದ ಪರೀಕ್ಷೆ ಇಂಥ ನೆಲದಲ್ಲೇ ಆಗುವುದು. ಕುರುಬರೂ ತೋಳವೂ ಒಂದೇ ಕುರುಚಲು ಬಯಲನ್ನು ಹಂಚಿಕೊಂಡು ಬಾಳಿದ ಬಗೆಯನ್ನು ಮಕ್ಕಳು ಕುರುಬರ ಬಾಯಿಂದಲೇ ಕೇಳಬೇಕು.

ಇನ್ನು ಸಂಸ್ಥೆಗಳ ಚರಿತ್ರೆ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಕ್ಯಾಪ್ಟನ್ ಬೇಕರ್ ಕಟ್ಟಿದ್ದು. ಆರಂಭದಲ್ಲಿ ಅದು ಯುರೋಪಿಯನ್, ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ಮೀಸಲಿತ್ತು. ರೋಣ, ನರಗುಂದ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಆದ್ದರಿಂದ ಮೈಸೂರು ಸಂಸ್ಥಾನದ ಸ್ಕೌಟ್ ಚರಿತ್ರೆಯನ್ನೇ ಇಲ್ಲಿಗೂ ಹಚ್ಚಿದರೆ ತಪ್ಪಾಗುತ್ತದೆ. ಬ್ರಿಟಿಷ್ ರಾಜನಿಗೆ ನಿಷ್ಠೆಯ ಪ್ರತಿಜ್ಞೆ ಮಾಡಿಸುತ್ತಿದ್ದ ಸ್ಕೌಟ್ ಸಂಘಟನೆ, 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಬಾಬಾಸಾಹೇಬನ ನೆನಪು ಇಟ್ಟುಕೊಂಡ ನರಗುಂದದಂಥ ಊರಿನ ರಾಷ್ಟ್ರೀಯ ಮನಸ್ಸಿನ ತರುಣರಿಗೆ ಹಿಡಿಸುವುದು ಕಷ್ಟವೇ ಇತ್ತು. ಅವರಿಗೆ ಇನ್ನೊಂದು ದಾರಿ ಹುಬ್ಬಳ್ಳಿಯಲ್ಲಿ ತೆರೆದಿತ್ತು.

ಆ ದಾರಿ ಡಾ. ನಾ. ಸು. ಹರ್ಡೀಕರರದು. ಅಮೆರಿಕದಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದು, 1921ರಲ್ಲಿ ಮರಳಿದ ಈ ವೈದ್ಯ 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಸ್ವಯಂಸೇವಕರೊಡನೆ ಸೆರೆಗೆ ಹೋದರು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿನಲ್ಲಿ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. ಅದರ ಕೇಂದ್ರ ಹುಬ್ಬಳ್ಳಿ. 1924ರ ಬೆಳಗಾವಿ ಅಧಿವೇಶನದಲ್ಲಿ ದಳದ ಶಿಸ್ತು ದೇಶದ ಕಣ್ಣಿಗೆ ಬಿತ್ತು. ಮಹಿಳಾ ವಿಭಾಗವನ್ನು ಉಮಾಬಾಯಿ ಕುಂದಾಪುರ ಮುನ್ನಡೆಸಿದರು. 1932ರಲ್ಲಿ ಸರಕಾರ ದಳವನ್ನು ನಿಷೇಧಿಸಿತು. ಸಮವಸ್ತ್ರ, ಕವಾಯತು, ಡೇರೆ, ಪ್ರಥಮ ಚಿಕಿತ್ಸೆ, ಧ್ವಜವಂದನೆ ಎಲ್ಲವೂ ಸ್ಕೌಟ್ ಶಿಬಿರವನ್ನು ಹೋಲುತ್ತವೆ. ನಿಷ್ಠೆ ಮಾತ್ರ ಬೇರೆ ಕಡೆಗೆ. ಹುಬ್ಬಳ್ಳಿಯ ಈ ಗಾಳಿ ನಮ್ಮ ಸೀಮೆಗೆ ಬೀಸಲು ದಾರಿಗಳೂ ಇದ್ದವು: ಹುಬ್ಬಳ್ಳಿಯಿಂದ ವಿಜಯಪುರದ ರಸ್ತೆ ನರಗುಂದದ ಮೇಲೆಯೇ ಹಾಯುತ್ತದೆ. ಗದಗಿನಿಂದ ಬಾಗಲಕೋಟೆಯ ರೈಲು ಮಲ್ಲಾಪುರ, ಹೊಳೆಆಲೂರು ದಾಟಿ ಹೋಗುತ್ತದೆ. ಕರ್ನಾಟಕ ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರ ಜಕ್ಕಲಿ ಇದೇ ರೋಣದ ಮಡಿಲಿನ ಊರು. ಈ ಸೀಮೆಯ ಯುವಶಿಬಿರಗಳ ಚರಿತ್ರೆ ಬರೆಯುವವರು ಸ್ಕೌಟ್ ದಾಖಲೆಗಿಂತ ಮೊದಲು ಸೇವಾದಳದ ಜಾಡು ಹಿಡಿಯಬೇಕೆಂಬುದು ನನ್ನ ನಿಲುವು.

1950ರ ನವೆಂಬರ್ 7ರಂದು ಸ್ಕೌಟ್ ಸಂಘಟನೆಗಳು ಸೇರಿ ಭಾರತ ಸ್ಕೌಟ್ಸ್ ಆಯಿತು, ಮರುವರ್ಷ ಗೈಡ್ಸ್ ಕೂಡಿಕೊಂಡಿತು. ಪ್ರವೇಶದಿಂದ ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದವರೆಗಿನ ಮೆಟ್ಟಿಲುಗಳು ಈಗ ಶಾಲಾ ಮಕ್ಕಳಿಗೆ ಪರಿಚಿತ. 1969ರಲ್ಲಿ ಶುರುವಾದ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಹಳ್ಳಿ ಶಿಬಿರಗಳೂ ಸೇರಿಕೊಂಡವು.

ಸ್ಕೌಟ್ ಸಂಘಟನೆ ಕೊಟ್ಟ ಹೊಸದೆಂದರೆ, ನನ್ನ ಲೆಕ್ಕದಲ್ಲಿ, ಪೆಟ್ರೋಲ್ ಪದ್ಧತಿ. ಕಣದಲ್ಲಿ ಮನೆಯವರು ಮಲಗುತ್ತಿದ್ದರು, ಬಿಡಾರದಲ್ಲಿ ಕುಲದವರು. ಆರೆಂಟು ಮಕ್ಕಳು ಓಣಿ, ಜಾತಿ ನೋಡದೆ ಒಂದು ಒಲೆ ಹೂಡಿ, ತಮ್ಮಲ್ಲೇ ಒಬ್ಬನನ್ನು ಮುಂದಾಳಾಗಿ ಒಪ್ಪಿ ಉಣ್ಣುವುದು ಹೊಸ ಸಂಗತಿ. ಗಂಡುಮಕ್ಕಳು ಅಡುಗೆಗೆ ಕೂಡುವುದೂ ಹೊಸದೇ.

ನೀರಿನ ಪಾಠ ಮಾತ್ರ ತಡವಾಗಿ ಬಂತು. ನವಿಲುತೀರ್ಥದ ಅಣೆಕಟ್ಟಿನ ಕಾಲುವೆಗಳು ಹರಿದ ಮೇಲೆ ಬಯಲಿನ ಚಹರೆ ಬದಲಾಯಿತು. 2009 ಮತ್ತು 2019ರ ನೆರೆಯಲ್ಲಿ ಮಲಪ್ರಭೆ ಉಕ್ಕಿದಳು. ನರಗುಂದ ತಾಲೂಕಿನ ಲಖಮಾಪುರ ನಡುಗಡ್ಡೆಯಾಯಿತು. ದ್ವೀಪದ ಮಕ್ಕಳು ಕಲಿಯುವ ಈಜು, ಜೀವರಕ್ಷಣೆಯ ಬೋಲೈನ್ ಗಂಟು, ತೆಪ್ಪ ಕಟ್ಟುವ ವಿದ್ಯೆ ಈಗ ಹೊಳೆಸಾಲಿನ ಶಾಲೆಗಳಿಗೂ ಬೇಕು. ಪ್ರತಿ ಚಳಿಗಾಲದ ಶಿಬಿರದಲ್ಲೂ ಅದಕ್ಕೆ ಒಂದು ದಿನ ಮೀಸಲಿಡಬೇಕು.

ರೋಣ, ನರಗುಂದ, ಗಜೇಂದ್ರಗಡದ ನಿವೃತ್ತ ಸ್ಕೌಟ್ ಮಾಸ್ತರರಲ್ಲಿ, ಗೈಡ್ ಅಕ್ಕೋರಲ್ಲಿ, ಸೇವಾದಳದವರ ಮನೆಯವರಲ್ಲಿ ಒಂದು ಬಿನ್ನಹ. ಟ್ರಂಕಿನಲ್ಲಿ ಉಳಿದ ಲಾಗ್‌ಬುಕ್, ಗುಂಪಿನ ಫೋಟೊ, ಹಾಜರಿ ಪಟ್ಟಿಯನ್ನು ರದ್ದಿಗೆ ಹಾಕಬೇಡಿ. ಫೋಟೊದ ಹಿಂದೆ ಇಸವಿ ಬರೆಯಿರಿ. ಡೇರೆ ಯಾವ ಹೊಲದಲ್ಲಿತ್ತು, ನೀರು ಯಾವ ಬಾವಿಯದು, ಒಲೆಗೆ ಹತ್ತಿಕಟ್ಟಿಗೆಯೋ ಕುಳ್ಳೋ ಎಂಬುದನ್ನೂ ಬರೆದು ನಿಮ್ಮೂರಿನ ಗ್ರಂಥಾಲಯಕ್ಕೆ ಕೊಡಿ.