ಎರಡನೇ ವಿಮಾನ ಬೀಳೋ ಮೊದಲೇ ಪ್ರಶ್ನೆ ಕಳಿಸಿದ್ದ ವರದಿಗಾರ: ಯಾರು ಈ ಡೊಮಿನಿಕ್ ಗೇಟ್ಸ್?

ಬೋಯಿಂಗ್ 737 ಮ್ಯಾಕ್ಸ್ ಹೆಸರು ನೀವು ಕೇಳಿರ್ತೀರಿ. ಐದು ತಿಂಗಳೊಳಗೆ ಎರಡು ವಿಮಾನ ಬಿದ್ದು 346 ಜನ ಸತ್ತ ಪ್ರಕರಣ ಅದು. ತಪ್ಪು ಎಲ್ಲಾಯ್ತು ಅನ್ನೋದನ್ನ ದಾಖಲೆ ಸಮೇತ ಬಯಲಿಗೆ ತಂದವರಲ್ಲಿ ಮುಖ್ಯರು ಡೊಮಿನಿಕ್ ಗೇಟ್ಸ್. ಇವರದ್ದು ದೊಡ್ಡ ಟಿವಿ ಚಾನೆಲ್ ಅಲ್ಲ, ಒಂದು ಊರಿನ ಪತ್ರಿಕೆ.

ಯಾರಿವರು?

ಗೇಟ್ಸ್ ಮೂಲತಃ ಉತ್ತರ ಐರ್ಲೆಂಡ್‌ನವರು. ಮೊದಲು ಗಣಿತ ಮೇಷ್ಟ್ರು. ಆಮೇಲೆ ಅಮೆರಿಕಕ್ಕೆ ಹೋಗಿ ಪತ್ರಕರ್ತರಾದರು. 2003ರಿಂದ ‘ದಿ ಸಿಯಾಟಲ್ ಟೈಮ್ಸ್’ ಪತ್ರಿಕೆಗೆ ಬೋಯಿಂಗ್ ಕಂಪನಿ ಬಗ್ಗೆ ಬರೆದವರು. 1916ರಲ್ಲಿ ಬೋಯಿಂಗ್ ಹುಟ್ಟಿದ್ದೇ ಸಿಯಾಟಲ್‌ನಲ್ಲಿ. 737 ವಿಮಾನ ತಯಾರಾಗೋದು ಪಕ್ಕದ ರೆಂಟನ್‌ನಲ್ಲಿ. ಆ ಭಾಗದ ಸಾವಿರಾರು ಮನೆಗಳ ಒಲೆ ಉರಿಯೋದು ಇದೇ ಕಂಪನಿ ಸಂಬಳದಿಂದ. ಅಂಥ ಕಂಪನಿ ವಿರುದ್ಧ ಅದೇ ಊರಲ್ಲಿ ಕೂತು ಬರೆಯೋದು ಸುಲಭದ ಮಾತಲ್ಲ. ಆದರೆ ಒಳಗಿನ ಎಂಜಿನಿಯರುಗಳು ನಂಬಿ ಬಾಯಿ ಬಿಟ್ಟಿದ್ದೂ ಅದೇ ಊರಿನ ವರದಿಗಾರನ ಹತ್ತಿರ.

ಆಗಿದ್ದೇನು?

2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದ ಲಯನ್ ಏರ್ ವಿಮಾನ ಜಕಾರ್ತದಿಂದ ಹೊರಟು ಕೆಲವೇ ನಿಮಿಷಗಳಲ್ಲಿ ಸಮುದ್ರಕ್ಕೆ ಬಿತ್ತು. 189 ಸಾವು. 2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ಅಡಿಸ್ ಅಬಾಬಾ ಬಿಟ್ಟ ಆರು ನಿಮಿಷಕ್ಕೆ ನೆಲಕ್ಕಪ್ಪಳಿಸಿತು. 157 ಸಾವು. ಎರಡೂ ಹೊಸ ವಿಮಾನಗಳೇ.

ಏನಿದು ಎಂಕ್ಯಾಸ್?

ಮ್ಯಾಕ್ಸ್‌ಗೆ ದೊಡ್ಡ ಎಂಜಿನ್ ಹಾಕಿ, ಸ್ವಲ್ಪ ಮುಂದಕ್ಕೆ ಕೂರಿಸಲಾಗಿತ್ತು. ಇದರಿಂದ ಕೆಲವು ಸಂದರ್ಭದಲ್ಲಿ ಮೂತಿ ಮೇಲೇಳುವ ಸ್ವಭಾವ ಬಂತು. ಅದನ್ನು ಸರಿ ಮಾಡೋಕೆ ಹಾಕಿದ ಸಾಫ್ಟ್‌ವೇರೇ ಎಂಕ್ಯಾಸ್. ಇದು ಬಾಲದ ಅಡ್ಡರೆಕ್ಕೆ ತಿರುಗಿಸಿ ಮೂತಿಯನ್ನು ತಾನಾಗಿಯೇ ಕೆಳಗೆ ತಳ್ಳುತ್ತೆ. ಎರಡೂ ದುರಂತದಲ್ಲಿ ಸೆನ್ಸರ್ ತಪ್ಪು ಲೆಕ್ಕ ಕೊಟ್ಟಿತು, ಸಾಫ್ಟ್‌ವೇರ್ ಅದನ್ನೇ ನಂಬಿ ಮೂತಿಯನ್ನು ಮತ್ತೆ ಮತ್ತೆ ಕೆಳಗೆ ತಳ್ಳಿತು. ಲಯನ್ ಏರ್ ದುರಂತಕ್ಕೆ ಮೊದಲು ಪೈಲಟ್‌ಗಳ ಕೈಪಿಡಿಯಲ್ಲಿ ಎಂಕ್ಯಾಸ್ ವಿವರಣೆಯೇ ಇರಲಿಲ್ಲ.

ಗೇಟ್ಸ್ ವರದಿಯಲ್ಲಿ ಏನಿತ್ತು?

2019ರ ಮಾರ್ಚ್ 17ರ ವರದಿಯ ಮುಖ್ಯಾಂಶಗಳು ಇವು:

- ಸುರಕ್ಷತಾ ದಾಖಲೆಯಲ್ಲಿ ಎಂಕ್ಯಾಸ್ ಬಾಲದ ರೆಕ್ಕೆಯನ್ನು ಒಂದು ಸಲಕ್ಕೆ 0.6 ಡಿಗ್ರಿ ತಿರುಗಿಸುತ್ತೆ ಅಂತಿತ್ತು. ನಿಜವಾಗಿ ತಿರುಗಿಸುತ್ತಿದ್ದದ್ದು 2.5 ಡಿಗ್ರಿ. ನಾಲ್ಕು ಪಟ್ಟಿಗಿಂತ ಹೆಚ್ಚು.
- ಪೈಲಟ್ ಸರಿಪಡಿಸಿದ ಮೇಲೂ ಅದು ಮತ್ತೆ ಶುರುವಾಗುತ್ತೆ ಅನ್ನೋದನ್ನ ದಾಖಲೆ ಗಣನೆಗೇ ತಗೊಂಡಿರಲಿಲ್ಲ.
- ವಿಮಾನದಲ್ಲಿ ಎರಡು ಸೆನ್ಸರ್ ಇದ್ದರೂ ಎಂಕ್ಯಾಸ್ ಒಂದರ ಮಾತನ್ನೇ ನಂಬುತ್ತಿತ್ತು.
- ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ, ತಪಾಸಣೆಯ ಬಹುಪಾಲನ್ನು ಬೋಯಿಂಗ್ ಸಿಬ್ಬಂದಿಗೇ ಬಿಟ್ಟಿತ್ತು. ಏರ್‌ಬಸ್ ಜೊತೆಗಿನ ಪೈಪೋಟಿಯಿಂದ ಅವಸರವೂ ಇತ್ತು.

ವರದಿ ಪ್ರಕಟವಾಗೋ 11 ದಿನ ಮೊದಲೇ ಪತ್ರಿಕೆ ಈ ವಿವರಗಳನ್ನು ಬೋಯಿಂಗ್ ಮತ್ತು ಎಫ್‌ಎಎಗೆ ಕಳಿಸಿ ಉತ್ತರ ಕೇಳಿತ್ತು. ಅಂದ್ರೆ ಇಥಿಯೋಪಿಯಾ ವಿಮಾನ ಬೀಳೋಕೆ ಇನ್ನೂ ನಾಲ್ಕು ದಿನ ಇತ್ತು. ನಿಯಮದಂತೆಯೇ ಅನುಮತಿ ಕೊಟ್ಟಿದ್ದೇವೆ ಅಂತ ಎಫ್‌ಎಎ, ವರದಿಯಲ್ಲಿ ತಪ್ಪು ಅರ್ಥೈಸಿದ್ದಾರೆ ಅಂತ ಬೋಯಿಂಗ್ ಹೇಳಿದವು.

ಆಮೇಲೆ?

ಮ್ಯಾಕ್ಸ್ ವಿಮಾನಗಳು ವಿಶ್ವಾದ್ಯಂತ ನೆಲಕ್ಕಿಳಿದವು. ಅಮೆರಿಕದಲ್ಲಿ 20 ತಿಂಗಳು ಹಾರಲಿಲ್ಲ. ಎಂಕ್ಯಾಸ್ ಈಗ ಎರಡೂ ಸೆನ್ಸರ್ ಹೋಲಿಸಿ ನೋಡುತ್ತೆ. 2020ರಲ್ಲಿ ಗೇಟ್ಸ್ ಮತ್ತು ಮೂವರು ಸಹೋದ್ಯೋಗಿಗಳಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ಡಿಸೆಂಬರ್‌ನಲ್ಲಿ ವಿಮಾನ ಅನುಮೋದನೆಯ ಕಾನೂನನ್ನು ಅಮೆರಿಕ ಬಿಗಿ ಮಾಡಿತು. ಸುಧಾರಿಸಿದ ಮ್ಯಾಕ್ಸ್ ಭಾರತದಲ್ಲೂ ಹಾರುತ್ತಿದೆ. ಆಕಾಸ ಏರ್, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇದನ್ನು ಬಳಸುತ್ತಿವೆ.

ಗೊಂದಲ ಬೇಡ: 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತಗೊಂಡ ವಿಮಾನ 737-800. ಅದು ಹಿಂದಿನ ಮಾದರಿ, ಅದರಲ್ಲಿ ಎಂಕ್ಯಾಸ್ ಇರಲಿಲ್ಲ.

ಓದುಗರಿಗೆ ಇದರಿಂದ ಏನು?

ಲಯನ್ ಏರ್ ಬಿದ್ದಾಗ ಮೊದಲು ಬೆರಳು ತೋರಿಸಿದ್ದು ಸತ್ತ ಪೈಲಟ್‌ಗಳ ಕಡೆಗೆ. ಸತ್ತವರು ಉತ್ತರ ಕೊಡೋಕೆ ಬರಲ್ಲ. ಒಂದು ವರ್ಷದ ನಂತರ ಬಂದ ಇಂಡೋನೇಷ್ಯಾದ ಅಂತಿಮ ವರದಿ ವಿನ್ಯಾಸ, ರಿಪೇರಿ, ಸಿಬ್ಬಂದಿ ಎಲ್ಲದರ ಲೋಪವನ್ನೂ ಪಟ್ಟಿ ಮಾಡಿತು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪ್ರಾಥಮಿಕ ವರದಿಗೇ 30 ದಿನ ಕಾಲಾವಕಾಶ ಇದೆ. ಹಾಗಾಗಿ ವಿಮಾನ ಬಿದ್ದ ದಿನವೇ ಕಾರಣ ಹೇಳೋ ವಾಟ್ಸಾಪ್ ಮೆಸೇಜ್ ಬಂದ್ರೆ ಫಾರ್ವರ್ಡ್ ಮಾಡಬೇಡಿ. ವರದಿ ಬರೋವರೆಗೆ ಕಾಯಿರಿ.